ಕಿಡಕಿ ಸಂದಿಯೊಳಗ ಸಿಕ್ಕ ಇತಿಹಾಸ

1/6
ನಮ್ಮ ಕಡೆ ಇತಿಹಾಸ ಅಂದ್ರ ಪರೀಕ್ಷೆಗೆ ಮೂರು ಸಾಲು. ಗಜೇಂದ್ರಗಡ ಅಂದ್ರ 1787ರಾಗ ಮರಾಠರಿಗೂ ಟಿಪ್ಪುಗೂ ಆದ ಒಪ್ಪಂದ. ನರಗುಂದ ಅಂದ್ರ 1858ರ ಬಾಬಾಸಾಹೇಬರ ಬಂಡಾಯ, ಆಮ್ಯಾಲೆ 1980ರ ರೈತ ಬಂಡಾಯ. ರೋಣ ಅಂದ್ರ ಹಳೇ ಗುಡಿಗಳು. ಬರದ್ವಿ, ಮಾರ್ಕ್ಸ್ ಬಂತು, ಮರೆತ್ವಿ.

ಆದ್ರ ಆ ಒಪ್ಪಂದ, ಬಂಡಾಯ ನಡೆದ ಕಾಲದಾಗ ಇಲ್ಲಿ ಮಂದಿ ಮನಿಯೊಳಗ ಹೆಂಗಿದ್ರು? ಆಷಾಢದ ಗಾಳಿ ರಪ್ಪಂತ ಬಡಿಯುವಾಗ ಏನ್ ಮಾಡ್ತಿದ್ರು? ಈ ಪ್ರಶ್ನೆ ಯಾವ ಪೇಪರ್‌ನಾಗೂ ಬರಂಗಿಲ್ಲ. ನಾವೇ ಕೇಳ್ಕೊಳ್ಳೋಣ.

ಮೊದಲ ಫೋಟೋ ನೋಡ್ರಿ. ನಮ್ಮ ಮನಿ ಮಗ್ಗದ ಖೋಲಿಯ ಕಿಡಕಿ ಇದು. ಸಾಗವಾನಿ ಚೌಕಟ್ಟು, ಎರಡು ಕದ, ನಡುವ ಬೆರಳು ತೂರೋವಷ್ಟು ಸಂದಿ. ಇದನ್ನ ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕ್ಸೋದು ಅಂತ ಮನ್ಯಾಗ ಮಾತು ನಡೆದಿತ್ತು. ಕಾರಣ ಒಂದೇ: ಗಾಳಿ, ಧೂಳು, ರಾತ್ರಿ ಪೂರ್ತಿ ಅಜ್ಜಿ ಕೆಮ್ಮು. ಕೀಳೋ ಮುಂಚೆ ಈ ಕಿಡಕಿ ಕಥಿ ಒಂದಿಷ್ಟು ತಿಳ್ಕೊಂಡೆ. ಅದನ್ನ ನಿಮಗೂ ಹೇಳ್ತೀನಿ.

2/6
ನಮ್ಮೂರ ಗಾಳಿ ಸಾಮಾನ್ಯದ್ದಲ್ಲ. ಗಜೇಂದ್ರಗಡದ ಗುಡ್ಡದ ಮ್ಯಾಲೆ ಸಾಲಾಗಿ ನಿಂತ ಗಾಳಿಯಂತ್ರ ನೋಡಿದ್ರ ಸಾಕು, ಬ್ಯಾರೆ ಸಾಕ್ಷಿ ಬ್ಯಾಡ. ನಾವು ಶಾಪ ಹಾಕೋ ಗಾಳಿಯಿಂದಲೇ ಅಲ್ಲಿ ಕರೆಂಟ್ ತೆಗೀತಾರ.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕ ಹಳೇ ಮಣ್ಣಿನ ಮನಿಗಳ ಗೋಡೆ ಅಷ್ಟು ದಪ್ಪ, ಕಿಡಕಿ ಅಷ್ಟು ಸಣ್ಣವು. ಕೆಲವು ಖೋಲಿಗೆ ಕಿಡಕಿನೇ ಇಲ್ಲ. ಮಾಳಿಗಿಯೊಳಗ ಒಂದು ಬೆಳಕಿಂಡಿ, ಅಷ್ಟೇ. ಅದರಿಂದ ಬೆಳಕು ಇಳೀತದ, ಒಲಿ ಹೊಗಿ ಏರಿ ಹೋಗ್ತದ, ಬೀದಿ ಧೂಳು ಮಾತ್ರ ನೇರ ಒಳಗ ನುಗ್ಗಂಗಿಲ್ಲ. ಮಳಿ ಬಂದ್ರ ಮ್ಯಾಲೊಂದು ಕಲ್ಲು ಮುಚ್ಚಿದ್ರ ಮುಗೀತು. "ಹಳೇ ಮನಿ ಕತ್ತಲ ಗವಿ" ಅಂತ ನಾವು ನಗ್ತೀವಿ. ಆದ್ರ ಏಪ್ರಿಲ್ ಮಧ್ಯಾಹ್ನ ಆ ಗವಿಯೊಳಗ ಹೋಗಿ ಕೂತು ನೋಡ್ರಿ, ನಗು ತಾನೇ ನಿಲ್ತದ.

3/6
ಇದಕ್ಕಿಂತ ಹಳೇದು ಬೇಕಾ? ರೋಣದಿಂದ ಬಾದಾಮಿ ದಾಟಿ ಪಟ್ಟದಕಲ್ಲಿಗೆ ಹೋಗ್ರಿ. 8ನೇ ಶತಮಾನದಾಗ ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಗೋಡೆಯೊಳಗ ಕಲ್ಲಿನ ಜಾಲಂಧ್ರಗಳು ಅದಾವು. ಒಂದೊಂದರ ವಿನ್ಯಾಸ ಒಂದೊಂದು ಥರ. ನಾವು ಅಲ್ಲಿ ಸೆಲ್ಫಿ ತಗೊಂಡು ಬರ್ತೀವಿ. ಆದ್ರ ಅವು ಬರೀ ಅಲಂಕಾರ ಅಲ್ಲ. ಬಿಸಿಲನ್ನ ಚೂರುಚೂರು ಮಾಡಿ, ಗಾಳಿಯ ಜೋರು ಮುರಿದು ಒಳಗ ಬಿಡೋ ಸಾಧನ ಅವು.

ಈಗ ಗುಡಿಯಿಂದ ಮಗ್ಗಕ್ಕ ಬರೋಣ. ಗಜೇಂದ್ರಗಡದ ಪಟ್ಟೇದಂಚು ಸೀರಿ ಹೆಸರು ಕೇಳೇ ಇರ್ತೀರಿ. ನೇಕಾರರ ಮನಿಯೊಳಗ ಕಿಡಕಿ ಅಂದ್ರ ದೊಡ್ಡ ತಕರಾರು. ಎಳಿ ಎಣಿಸಲಿಕ್ಕೆ ಬೆಳಕು ಬೇಕೇ ಬೇಕು. ಆದ್ರ ಒಣಗಾಳಿ ಬಂದ್ರ ಗಂಜಿ ಹಾಕಿದ ಹತ್ತಿ ನೂಲು ಬಿರುಸಾಗ್ತದ, ಹಾಸಿನ ಎಳಿ ಪಟಪಟ ಹರೀತಾವು. ಹರಿದ ಪ್ರತಿ ಎಳಿನೂ ಕೂತು ಗಂಟು ಹಾಕಬೇಕು. ಅಷ್ಟು ಹೊತ್ತು ಮಗ್ಗ ನಿಲ್ತದ, ಮಗ್ಗ ನಿಂತ್ರ ಕೂಲಿ ನಿಲ್ತದ. ಕುಣಿ ಮಗ್ಗ ನೆಲದೊಳಗ ಇರೋದಕ್ಕ ಇದೂ ಒಂದು ಲಾಭ: ನೆಲದ ತಂಪಿಗೆ ನೂಲು ಮೆತ್ತಗಿರ್ತದ. ಅಂದ್ರ ಕಿಡಕಿಯ ಒಂದು ಸಂದಿ ಅವತ್ತಿನ ಗಳಿಕೆಯನ್ನೇ ಕಸ್ಕೊಳ್ತಿತ್ತು. ಗಾಳಿ ತಡೆಯೋದು ಇಲ್ಲಿ ಹೊಟ್ಟಿ ಪ್ರಶ್ನೆ ಆಗಿತ್ತು.

4/6
ಈಗ ಸ್ವಲ್ಪ ದೂರ, ಇಂಗ್ಲೆಂಡಿಗೆ. ಅಲ್ಲಿ 17ನೇ ಶತಮಾನದಾಗ ಸ್ಯಾಶ್ ಕಿಡಕಿ ಬಂತು. ಕದ ತೆರೆಯೋದಿಲ್ಲ, ಗಾಜಿನ ಚೌಕಟ್ಟು ಮ್ಯಾಲೆ ಕೆಳಗ ಜಾರ್ತದ. ಪಕ್ಕದ ಮರದ ಪೆಟ್ಟಿಗಿಯೊಳಗ ಹಗ್ಗ, ಗಾಲಿ, ಕಬ್ಬಿಣದ ತೂಕ. ಬಾವಿಯ ರಾಟಿ ನೆನಪಾತಲ್ಲ? ಲೆಕ್ಕ ಅದೇ. ಆದ್ರ ಜಾರಬೇಕಂದ್ರ ಸಂದಿ ಇರಲೇಬೇಕು, ಸಂದಿ ಇದ್ರ ಚಳಿಗಾಳಿ ಬರಲೇಬೇಕು. ಅಲ್ಲಿನ ಮಂದಿ ಇವತ್ತಿಗೂ ಆ ಸಂದಿ ಮುಚ್ಚಲಿಕ್ಕೆ ಒದ್ದಾಡ್ತಾರ. ಇನ್ನೊಂದು ಮಜಾ: 1696ರಿಂದ 1851ರ ಮಟ ಅಲ್ಲಿ ಕಿಡಕಿಗೆ ತೆರಿಗಿ ಇತ್ತು! ಎಣಿಸಿ ವಸೂಲಿ. ಹಣ ಉಳಿಸಲಿಕ್ಕೆ ಎಷ್ಟೋ ಮಂದಿ ಇದ್ದ ಕಿಡಕಿಗೆ ಇಟ್ಟಂಗಿ ಕಟ್ಟಿ ಕತ್ತಲಾಗ ಕೂತ್ರು.

ಇದಕ್ಕೂ ನಮಗೂ ಏನ್ ಸಂಬಂಧ? ಆ ಗಾಜು ಕೂರಿಸೋ ಪುಟ್ಟಿ ಮಾಡೋದು ಸೀಮೆಸುಣ್ಣದ ಪುಡಿ ಮತ್ತು ಅಗಸಿ ಎಣ್ಣಿಯಿಂದ. ಹೌದು, ರೊಟ್ಟಿ ಜೋಡಿ ನಾವು ಹಿಂಡಿ ಮಾಡ್ಕೊಂಡು ತಿನ್ನೋ ಅದೇ ಅಗಸಿ. 19ನೇ ಶತಮಾನದಾಗ ಭಾರತದಿಂದ ಬ್ರಿಟನ್ನಿಗೆ ರಾಶಿ ರಾಶಿ ಅಗಸಿ ಹಡಗು ಹತ್ತಿ ಹೋಗ್ತಿತ್ತು. ಲಂಡನ್ನಿನ ಕಿಡಕಿಗಳ ಗಾಜು ಬೀಳದಂಗ ಹಿಡಿದಿದ್ದರಾಗ ನಮ್ಮಂಥ ರೈತರ ಬೆವರೂ ಐತಿ.

5/6
ಮತ್ತ ನಮ್ಮ ಕಿಡಕಿಗೆ ಸಂದಿ ಯಾಕ ಬೀಳ್ತಾವು? ಬಡಿಗ್ಯಾರನ್ನ ಬೈಬ್ಯಾಡ್ರಿ. ತಪ್ಪು ಎರಿಮಣ್ಣಿಂದು. ಮಳಿಗೆ ಉಬ್ತದ, ಬ್ಯಾಸಗಿಗೆ ಬಿರೀತದ. ಅದರ ಮ್ಯಾಲೆ ನಿಂತ ಗೋಡೆ ಪ್ರತಿ ವರ್ಷ ಚೂರು ಅಲುಗ್ತದ, ಚೌಕಟ್ಟು ಸೊಟ್ಟ ಆಗ್ತದ. ಮರನೂ ಹಂಗ, ಮಳೆಗಾಲಕ್ಕ ಹಿಗ್ಗಿ ಬ್ಯಾಸಗಿಗೆ ಕುಗ್ತದ. ಅದಕ್ಕ ಮಳಿಯೊಳಗ ಕದ ಬಿಗಿ ಆತು ಅಂತ ಜಾಸ್ತಿ ಹತ್ರಿ ಹೊಡಸಬ್ಯಾಡ್ರಿ. ಬ್ಯಾಸಗಿಗೆ ಆ ಜಾಗದಾಗ ದೊಡ್ಡ ಸಂದಿ ಆಗ್ತದ.

ನಾನು ಮಾಡಿದ್ದು ಇಷ್ಟು:
• ಗಾಳಿ ಇದ್ದ ದಿನ ಊದಿನಕಡ್ಡಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿದೆ. ಹೊಗಿ ಎಲ್ಲಿ ಅಲುಗ್ತದೋ ಅಲ್ಲೇ ಸಂದಿ.
• ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿಗೆ ಸುಣ್ಣದ ಗಾರಿ ತುಂಬಿಸಿದ್ವಿ. ಮಣ್ಣಿನ ಗೋಡೆಗೆ ಸಿಮೆಂಟ್ ಬ್ಯಾಡ. ಅದು ತೇವ ಹೊರಗ ಬಿಡಂಗಿಲ್ಲ, ಒಳಗಿನ ಮಣ್ಣು ಉದುರ್ತದ.
• ಎರಡು ಕದ ಕೂಡೋ ಕಡೆ ಒಂದು ತೆಳು ಮರದ ಪಟ್ಟಿ ಹೊಡಸಿದ್ವಿ.
• ಕದ ಚೌಕಟ್ಟಿಗೆ ತಾಗೋ ಕಡೆ ಅಂಗಡ್ಯಾಗ ಸಿಗೋ ಫೋಮ್ ಟೇಪ್. ಅದಿಲ್ಲಂದ್ರ ಹಳೇ ಸೀರಿ ಅಂಚು ಮಡಚಿ ಸಣ್ಣ ಮಳಿ ಹೊಡದ್ರೂ ನಡೀತದ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಅಡುಗಿಮನಿ ಬೆಳಕಿಂಡಿ ಮುಚ್ಚಬ್ಯಾಡ್ರಿ. ಒಲಿ ಇರಲಿ, ಗ್ಯಾಸ್ ಇರಲಿ. ಮುಚ್ಚಿದ ಖೋಲಿಯೊಳಗ ಕೆಂಡ ಇಟ್ಕೊಂಡು ಮಲಗೋದಂತೂ ಜೀವಕ್ಕೇ ಕುತ್ತು, ಆ ವಿಷಗಾಳಿಗೆ ವಾಸನಿನೇ ಇಲ್ಲ. ಗಾಳಿ ಎಲ್ಲಿ ಬೇಕು, ಎಲ್ಲಿ ಬ್ಯಾಡ ಅನ್ನೋದು ತಿಳಿದಿದ್ದೇ ಹಿಂದಿನವರ ಜಾಣತನ.

6/6
ಕೊನೇ ಫೋಟೋ ಬೀದಿದು. ಈ ಸಾಲಿನ ಎಷ್ಟೋ ಮನಿಗಳ ಹಳೇ ಬಾಗಿಲು, ಕಿಡಕಿ ಲಾರಿ ಹತ್ತಿ ಹೋಗ್ಯಾವು. ಸಿಟಿಯ ಹೋಟೆಲ್ಲು, ರೆಸಾರ್ಟಿನ ಗೋಡೆಗೆ ಅವು ಶೋಪೀಸ್. ಮಾರಿದವರನ್ನ ತಪ್ಪು ಅನ್ನಂಗಿಲ್ಲ. ಸೋರೋ ಮನ್ಯಾಗ ಇರೋರು ಅವರು, ಫೋಟೋ ತೆಗೆಯೋ ನಾವಲ್ಲ. ಆದ್ರ ರಿಪೇರಿ ಆಗ್ತದ ಅಂತ ಅವರಿಗೆ ಯಾರಾದ್ರೂ ಹೇಳಿದ್ರಾ?

ನಮ್ಮ ಕಿಡಕಿ ಸದ್ಯಕ್ಕ ಉಳಿದೈತಿ. "ಈ ಆಷಾಢ ನೋಡೋಣ, ಆಮ್ಯಾಲೆ ಮಾತು" ಅಂದಾರ ಅಪ್ಪ. ಅಜ್ಜಿ ಕೆಮ್ಮು ಪೂರ್ತಿ ನಿಂತಿಲ್ಲ, ಆದ್ರ ರಾತ್ರಿ ಹೊದಿಕಿ ಮ್ಯಾಲೆ ಧೂಳು ಬೀಳೋದು ನಿಂತೈತಿ.

ಇವತ್ತು ಮನಿಗೆ ಹೋದಮ್ಯಾಲೆ ನಿಮ್ಮನಿಯ ಅತಿ ಹಳೇ ಕಿಡಕಿ ಯಾವುದು ಅಂತ ಅಜ್ಜ-ಅಜ್ಜಿನ್ನ ಕೇಳ್ರಿ. ಯಾರು ಮಾಡಿದ್ರು, ಮರ ಎಲ್ಲಿಂದ ಬಂತು, ಅದರ ಬುಡಕ್ಕ ಕೂತು ಏನ್ ಕೆಲಸ ಮಾಡ್ತಿದ್ರು, ಎಲ್ಲಾ ಬರ್ಕೊಳ್ರಿ. ಫೋಟೋ ಕಳಿಸಿದ್ರ ಮುಂದಿನ ಭಾಗದಾಗ ಹಾಕ್ತೀನಿ.

#ನಮ್ಮೂರಇತಿಹಾಸ #ರೋಣ #ನರಗುಂದ #ಗಜೇಂದ್ರಗಡ #ಹಳೇಮನಿ