ಡಬ್ಬಿಯ ಚರಿತ್ರೆ

ನಮ್ಮ ಅಫಜಲಪುರ ಕಡೆ ನೀರಲ್ಲಿ ಮುಳುಗು ಹಾಕುವುದು ಯಾರಿಗೂ ಹೊಸದಲ್ಲ. ಬಾವಿಗೆ ಕೊಡ ಬಿದ್ದರೆ ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಇಳಿಬಿಡುತ್ತಾರೆ. ಅದರ ಕೊಕ್ಕೆಗಳಿಗೆ ಕೊಡ ಸಿಗಲಿಲ್ಲವೆಂದರೆ ಓಣಿಯ ಯಾವನೋ ಹುಡುಗನಿಗೆ ಕರೆ ಹೋಗುತ್ತದೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಗಾಣಗಾಪುರದಲ್ಲಿ ಭೀಮೆಗೆ ಕೂಡುತ್ತದಲ್ಲ, ಅಲ್ಲಿ ಚಿಲ್ಲರೆ ನಾಣ್ಯಕ್ಕಾಗಿ ಮುಳುಗು ಹಾಕಿದವರು ನನ್ನ ಓರಗೆಯಲ್ಲೇ ಇದ್ದಾರೆ. ಆದರೆ ಜೇವರ್ಗಿ ದಾಟುವವರೆಗೂ ಭೀಮೆಯದು ಕರಿಮಣ್ಣಿನ ನೀರು. ಒಳಗೆ ಹೋದವನು ಕೈಯಿಂದಲೇ ನೋಡಬೇಕು. ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವ ನಾನು ನೀರೊಳಗೆ ಕ್ಯಾಮೆರಾ ಒಯ್ಯುತ್ತೇನೆಂದಾಗ ಕಾಕಾ ಅಂದದ್ದು ಇಷ್ಟೇ: “ತಮ್ಮಾ, ಮೊದಲ ಆ ಕೊಡಾ ತೆಗಿ, ಆಮ್ಯಾಲ ಫೋಟೋ ತೆಗಿಯಂತಿ.”

ನೀರೊಳಗೆ ಫೋಟೋ ತೆಗೆಯುವ ಈ ಕಸುಬಿನ ಮೊದಲಿಗ ನೀರಿಗೇ ಇಳಿಯಲಿಲ್ಲ. ಇಂಗ್ಲೆಂಡಿನ ವೇಮತ್ ಊರಿನ ವಕೀಲ ವಿಲಿಯಂ ಥಾಮ್ಸನ್ 1856ರಲ್ಲಿ ಕ್ಯಾಮೆರಾವನ್ನು ಒಂದು ಪೆಟ್ಟಿಗೆಯಲ್ಲಿಟ್ಟು ದೋಣಿಯಿಂದ ಸಮುದ್ರಕ್ಕೆ ಇಳಿಬಿಟ್ಟ. ಸುಮಾರು ಹತ್ತು ನಿಮಿಷ ಕಾದು ಎತ್ತಿದಾಗ ಪೆಟ್ಟಿಗೆಯೊಳಗೆ ಉಪ್ಪುನೀರು ಹೊಕ್ಕಿತ್ತು. ಆದರೂ ಗಾಜಿನ ಮೇಲೆ ಮಸುಕಾದ ಚಿತ್ರವೊಂದು ಮೂಡಿತ್ತು. ಕಡಿಮೆ ಖರ್ಚಿನಲ್ಲಿ ನೀರೊಳಗಿನ ಫೋಟೋ ತೆಗೆಯುವವರ ಕುಲಕ್ಕೆ ಇವನೇ ಮೂಲಪುರುಷ ಎಂದು ನಾನಂತೂ ನಂಬಿದ್ದೇನೆ.

1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ಕಡಲತೀರದಲ್ಲಿ ಜೀವವಿಜ್ಞಾನಿ ಲೂಯಿ ಬೂತಾನ್ ತಾನೇ ಕಬ್ಬಿಣದಂಥ ಭಾರದ ಉಡುಪು ತೊಟ್ಟು ತಳಕ್ಕೆ ಇಳಿದ. ಪೆಟ್ಟಿಗೆಯನ್ನು ರೂಪಿಸಿದವನು ಅವನ ಎಂಜಿನಿಯರ್ ಸಹೋದರ. ಒಂದೊಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಬೆಳಕು ಬೀಳಿಸಬೇಕಿತ್ತು. ಅಷ್ಟು ಹೊತ್ತು ಮೀನು ನಿಂತೀತೇ? ಅದಕ್ಕೇ ಮೆಗ್ನೀಸಿಯಂ ಪುಡಿ ಉರಿಸುವ ದೀಪವನ್ನು ಆಮ್ಲಜನಕ ತುಂಬಿದ ಪೀಪಾಯಿಯ ಮೇಲೆ ಕೂರಿಸಿ ನೋಡಿದರು. ಅದನ್ನು ಎತ್ತಿ ಇಳಿಸಲು ದೋಣಿ ಬೇಕು, ಆಳು ಬೇಕು. ಖರ್ಚು ಆಗಿನಿಂದಲೂ ಕ್ಯಾಮೆರಾದ್ದಲ್ಲ, ಅದನ್ನು ಒಣಗಿಡುವ ಡಬ್ಬಿಯದು.

ಡಬ್ಬಿಯನ್ನೇ ಕ್ಯಾಮೆರಾ ಮಾಡಿದ್ದು ಬೆಲ್ಜಿಯಂನ ಜಾನ್ ದ ವೂಟರ್ಸ್. ಕಡಲ ಶೋಧಕ ಜಾಕ್ ಕೂಸ್ಟೋ ಬಳಗಕ್ಕಾಗಿ ಅವನು ಕಟ್ಟಿದ ‘ಕ್ಯಾಲಿಪ್ಸೊ’ವನ್ನು ನಿಕಾನ್ ಕಂಪನಿ ಪಡೆದು 1963ರಲ್ಲಿ ‘ನಿಕೊನೋಸ್’ ಹೆಸರಲ್ಲಿ ಮಾರಿತು. ಅದು 2001ರವರೆಗೂ ನಡೆಯಿತು. ಆದರೆ 36 ಚಿತ್ರ ಮುಗಿದರೆ ಮೇಲೆ ಬರಲೇಬೇಕು, ರೀಲು ತೊಳೆಯುವವರೆಗೂ ಏನು ಬಂತೋ ತಿಳಿಯದು. 2004ರಲ್ಲಿ ಬಂದ ಮೊದಲ ಗೋಪ್ರೊ ಕ್ಯಾಮೆರಾ ಕೂಡ ರೀಲಿನದೇ, ಅಲೆ ಸವಾರರು ಮಣಿಕಟ್ಟಿಗೆ ಕಟ್ಟಿಕೊಳ್ಳಲು ಮಾಡಿದ್ದು. ಮುಂದೆ ಅದು ಡಿಜಿಟಲ್ ಆದಮೇಲೆ ನನ್ನಂಥವನಿಗೂ ದಾರಿ ತೆರೆಯಿತು.

ಕನ್ನಡಿಗರಿಗೆ ಈ ಹುಚ್ಚು ಹತ್ತಿದ್ದು ಸಿನಿಮಾದಿಂದ ಎನ್ನಬಹುದು. 1987ರ ‘ಒಂದು ಮುತ್ತಿನ ಕಥೆ’ಯಲ್ಲಿ ಶಂಕರ್‌ನಾಗ್ ರಾಜಕುಮಾರರನ್ನು ಮುತ್ತಿಗಾಗಿ ಸಮುದ್ರಕ್ಕೆ ಇಳಿಸಿದ್ದರು. ಈಗ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋದರೆ ಹೊಸಬರೂ ಇಳಿಯಬಹುದು. ಮಳೆಗಾಲದಲ್ಲಿ ಮಾತ್ರ ಬಂದ್. ನಾನು ಕಲಿತದ್ದೂ ಅಲ್ಲೇ, ಸೆಕೆಂಡ್ ಹ್ಯಾಂಡ್ ಆ್ಯಕ್ಷನ್ ಕ್ಯಾಮೆರಾ ಮತ್ತು ಅದರ ಪ್ಲಾಸ್ಟಿಕ್ ಡಬ್ಬಿ ಹಿಡಿದು. ಹೊಸಬರು ಕ್ಯಾಮೆರಾ ಬದಿಗಿಟ್ಟು ಮೊದಲು ಏಳದೆ ಮುಳುಗದೆ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಕಲಿಯಬೇಕು. ಕೈಕಾಲು ಬಡಿದರೆ ಹವಳಕ್ಕೂ ಪೆಟ್ಟು, ಚಿತ್ರಕ್ಕೂ ಕೇಡು.

ಡಬ್ಬಿಯ ಅಂಚಿನಲ್ಲಿ ದಾರದಷ್ಟು ದಪ್ಪದ ರಬ್ಬರ್ ರಿಂಗ್ ಇರುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದ ಎರಡರಷ್ಟು. ರಿಂಗಿನ ಕೆಳಗೆ ಒಂದು ಕೂದಲೆಳೆ ಸಿಕ್ಕಿದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಬೆರಳ ತುದಿಯಿಂದ ಸುತ್ತ ಸವರಿ ನೋಡಿ, ಒಳಗೆ ಸಿಲಿಕಾ ಜೆಲ್ಲಿನ ಪುಡಿಕೆ ಇಟ್ಟು, ಮುಚ್ಚಳ ಹಾಕುತ್ತೇನೆ. ಮೇಲೆ ಬಂದ ಕೂಡಲೇ ಸಿಹಿನೀರಲ್ಲಿ ನೆನೆಹಾಕುತ್ತೇನೆ. ಬೆಳಕಿನ ಕೆಂಪನ್ನು ನೀರು ಮೊದಲು ನುಂಗುತ್ತದೆ. ಕೆಂಪು ಮೀನು ಆಳದಲ್ಲಿ ಬೂದುಬಣ್ಣದ್ದಾಗಿ ಕಾಣುತ್ತದೆ. ಇದಕ್ಕೆ ದುಬಾರಿ ಲೈಟಿಗಿಂತ ಮೊದಲು ಬೇಕಾದದ್ದು ಹತ್ತಿರ ಹೋಗುವ ತಾಳ್ಮೆ. ಲೈಟ್ ಕೊಂಡರೂ ಲೆನ್ಸಿನ ಪಕ್ಕಕ್ಕೇ ಕಟ್ಟಬಾರದು, ನಡುವಿನ ಕಸವೆಲ್ಲ ಬೆಳ್ಳಗೆ ಮಿಂಚುತ್ತದೆ.

ಈಗ ಪ್ರೀ-ವೆಡ್ಡಿಂಗ್‌ಗೆ ಬಂದವರು, “ಅಣ್ಣಾ, ಸೊನ್ನ ಬ್ಯಾರೇಜಿನ ಹಿನ್ನೀರಾಗೇ ಒಂದೆರಡು ತೆಗೀರಿ” ಎನ್ನುತ್ತಾರೆ. ಭೀಮೆಯ ಆ ನೀರಲ್ಲಿ ಮೊಳದಾಚೆ ಮದುಮಗಳ ಮೂಗೇ ಕಾಣುವುದಿಲ್ಲ. ಮುರುಡೇಶ್ವರದ ಬಸ್ ಎಷ್ಟು ಹೊತ್ತಿಗೆ ಎಂದು ಹೇಳಿ ಕಳಿಸುತ್ತೇನೆ.