ಬೋಧಕದೀಕ್ಷೆಯೂ ಭಕ್ತಿಯೂ

ಹದಿನೇಳನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ ಬಡಮಕ್ಕಳಿಗೆ ಅಕ್ಷರ ಕಲಿಸುವವನ ಸ್ಥಾನ ಯಾವುದೆಂದು ಕೇಳಿದರೆ, ಶ್ರೋತೃಗಳಲ್ಲಿ ಕೆಲವರು ನಮ್ಮ ಕೂಲಿಮಠದ ಐಗಳನ್ನು ನೆನೆದುಕೊಂಡಾರು. ಆ ಹೋಲಿಕೆ ಪೂರ್ತಿಯಾಗಿ ಸಲ್ಲದು. ಐಗಳಿಗೆ ಹೊಟ್ಟೆಗೆ ಕಡಮೆಯಾದರೂ ಊರಿನಲ್ಲಿ ಮರ್ಯಾದೆಯಿತ್ತು. ಫ್ರಾನ್ಸಿನ ಧರ್ಮಶಾಲೆಯ ಉಪಾಧ್ಯಾಯನಿಗೆ ಅದೂ ದುರ್ಲಭವಾಗಿತ್ತು. ಬೇರೆ ಉದ್ಯೋಗ ಸಿಕ್ಕುವವರೆಗೆ ಆ ಕೆಲಸ. ಸಿಕ್ಕಿದೊಡನೆ ಮಕ್ಕಳೂ ಪಾಠವೂ ಬಿಟ್ಟಲ್ಲಿಯೇ ನಿಲ್ಲುತ್ತಿದ್ದವು. ಇಂತಹವರಿಗೆ ಬೋಧನೆಯ ತರಬೇತು ಕೊಡಲು ಹೊರಟ ಒಬ್ಬ ಪಾದ್ರಿಯ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ತರಬೇತು ಕೊಟ್ಟವನ ಭಕ್ತಿಯೂ ಪಡೆದವರ ಭಕ್ತಿಯೂ ಒಂದನ್ನೊಂದು ಒರೆಗೆ ಹಚ್ಚಿ ಗಟ್ಟಿಯಾದ ಬಗೆ ಅದರಲ್ಲಿ ಕಾಣುತ್ತದೆ.

ಜಾನ್ ಬಪ್ತಿಸ್ತ್ ದ ಲಾ ಸಾಲ್ ಹುಟ್ಟಿದ್ದು 1651ರಲ್ಲಿ, ರೀಮ್ಸ್ ನಗರದಲ್ಲಿ. ತಂದೆ ನ್ಯಾಯಾಧಿಕಾರಿ, ಮನೆತನ ಸಿರಿವಂತವಾದದ್ದು. ಹದಿನಾರು ವರ್ಷ ತುಂಬುವ ಮೊದಲೇ, 1667ರಲ್ಲಿ, ಊರಿನ ಪ್ರಧಾನ ದೇವಾಲಯದ ಕ್ಯಾನನ್ ಪದವಿ ಆತನಿಗೆ ಬಂದಿತು. ಉತ್ಪನ್ನವೂ ಗೌರವವೂ ಸೇರಿದ ಪದವಿ ಅದು. 1678ರಲ್ಲಿ ಗುರುದೀಕ್ಷೆಯಾಯಿತು. ಮಾರನೆಯ ವರ್ಷ ರೂಆನ್ ನಗರದಿಂದ ಆದ್ರಿಯಾನ್ ನಿಯೆಲ್ ಎಂಬ ಗೃಹಸ್ಥನೊಬ್ಬನು ಬಡಹುಡುಗರಿಗೆ ಶಾಲೆ ತೆರೆಯಬೇಕೆಂದು ರೀಮ್ಸಿಗೆ ಬಂದನು. ಲಾ ಸಾಲ್ ಅವನಿಗೆ ನೆರವಾದನು. ನಿಯೆಲ್ ಉತ್ಸಾಹಿ; ಆದರೆ ಒಂದು ಶಾಲೆ ನೆಲೆಯೂರುವುದಕ್ಕೆ ಮೊದಲೇ ಮತ್ತೊಂದಕ್ಕೆ ಧಾವಿಸುವ ಸ್ವಭಾವದವನು. ಅವನು ನೇಮಿಸಿದ ಉಪಾಧ್ಯಾಯರನ್ನು ತಿದ್ದುವವರಿಲ್ಲದೆ ಶಾಲೆಗಳು ಹದಗೆಡುತ್ತ ಬಂದವು.

ಲಾ ಸಾಲ್ ಮಹಾಶಯನು ಮೊದಲು ಆ ಉಪಾಧ್ಯಾಯರಿಗೆ ಸಮೀಪದಲ್ಲಿ ಒಂದು ಮನೆಯನ್ನು ಹಿಡಿದುಕೊಟ್ಟನು. ಆಮೇಲೆ ತನ್ನ ಪಂಕ್ತಿಗೆ ಊಟಕ್ಕೆ ಕರೆದನು. 1681ರ ಜೂನ್ ತಿಂಗಳಲ್ಲಿ ತನ್ನ ಮನೆಯಲ್ಲಿಯೇ ಇರಿಸಿಕೊಂಡನು. ಬಂಧುಗಳು ಸಿಡಿದೆದ್ದು, ಆತನ ರಕ್ಷಣೆಯಲ್ಲಿದ್ದ ತಮ್ಮಂದಿರಲ್ಲಿ ಕೆಲವರನ್ನು ಬೇರೆಡೆಗೆ ಕಳುಹಿಸಿದರು. ಈ ಉಪಾಧ್ಯಾಯರನ್ನು ತನ್ನ ಮನೆಯ ಆಳಿಗಿಂತಲೂ ಕೀಳೆಂದು ತಾನೂ ಭಾವಿಸಿದ್ದುದಾಗಿ ಆತನೇ ಮುಂದೆ ಬರೆದಿದ್ದಾನೆ. ಇವರೊಡನೆ ಬಾಳಬೇಕಾದೀತೆಂದು ಮೊದಲೇ ತಿಳಿದಿದ್ದರೆ ಆ ಗೊಡವೆಗೇ ಹೋಗುತ್ತಿರಲಿಲ್ಲವೆಂದೂ, ದೇವರು ತನ್ನನ್ನು ಮೆಲ್ಲಮೆಲ್ಲಗೆ, ತಾನರಿಯದಂತೆಯೇ, ಈ ದಾರಿಗೆ ತಂದನೆಂದೂ ಒಪ್ಪಿಕೊಂಡಿದ್ದಾನೆ. ಪುಣ್ಯಪುರುಷರ ಚರಿತ್ರೆಗಳಲ್ಲಿ ಇಂತಹ ಮಾತು ಅಪರೂಪ.

ಮನೆಯಲ್ಲಿ ಪ್ರಾರ್ಥನೆ, ಊಟ, ಮೌನ, ಎಲ್ಲಕ್ಕೂ ಕಾಲ ಗೊತ್ತಾಯಿತು. ಕಟ್ಟು ಬಿಗಿಯಾದಂತೆಲ್ಲ ಮೊದಲು ಬಂದವರಲ್ಲಿ ಬಹುಮಂದಿ ಹೊರಟುಹೋದರು. ಉಳಿದವರನ್ನೂ ಹೊಸದಾಗಿ ಬಂದವರನ್ನೂ ಒಂದು ಚಿಂತೆ ಕೊರೆಯುತ್ತಿತ್ತು: ಮುಪ್ಪಿನಲ್ಲಿ ಗತಿ ಏನು? ಲಾ ಸಾಲ್ ಅವರಿಗೆ ಸುವಾರ್ತೆಯಲ್ಲಿ ಬರುವ ಆಕಾಶದ ಹಕ್ಕಿಗಳ, ಹೊಲದ ಹೂಗಳ ದೃಷ್ಟಾಂತವನ್ನು ಹೇಳಿ, ದೇವರ ಪೋಷಣೆಯನ್ನು ನಂಬಿರೆಂದು ಉಪದೇಶಿಸಿದನು. ಅವರು ಕೊಟ್ಟ ಉತ್ತರದ ಭಾವ ಇದು: ಹಾಗೆ ಹೇಳುವುದು ತಮಗೆ ಸುಲಭ, ತಮಗೆ ಪಿತ್ರಾರ್ಜಿತವಿದೆ, ಕ್ಯಾನನ್ ಪದವಿಯಿದೆ, ಶಾಲೆ ಬಿದ್ದುಹೋದರೆ ತಮಗೆ ನಷ್ಟವಿಲ್ಲ, ನಾವಾದರೋ ಭಿಕ್ಷಾಪಾತ್ರೆ ಹಿಡಿಯಬೇಕು.

ಈ ಚರಿತ್ರೆಯಲ್ಲೆಲ್ಲ ನನಗೆ ಅತ್ಯಂತ ತೂಕವಾಗಿ ತೋರುವುದು ಈ ಮಾತೇ. ಇದನ್ನು ಭಕ್ತಿಯ ಕೊರತೆಯೆನ್ನುವವರುಂಟು. ಹಸಿವನ್ನು ಕಂಡವರ ಲೆಕ್ಕವೆಂದು ನಾನು ಹೇಳುತ್ತೇನೆ. ಲಾ ಸಾಲ್ ಸಿಟ್ಟಾಗಲಿಲ್ಲ. ಅವರ ಮಾತು ನಿಜವೆಂದುಕೊಂಡನು. ಪ್ಯಾರಿಸಿನಲ್ಲಿದ್ದ ನಿಕೊಲಾ ಬಾರೆ ಎಂಬ ಸನ್ಯಾಸಿಯ ಸಲಹೆ ಕೇಳಿದಾಗ, ಹಣವನ್ನು ಶಾಲೆಗಳಿಗೆ ದತ್ತಿಯಿಡುವುದೂ ಬೇಡ, ದೇವರ ಕೃಪೆಯೊಂದೇ ಬುನಾದಿಯಾಗಲಿ ಎಂಬ ಉತ್ತರ ಬಂದಿತು. ಲೋಕವ್ಯವಹಾರ ಬಲ್ಲವರು ಯಾರೂ ಕೊಡದ ಸಲಹೆ! 1683ರಲ್ಲಿ ಲಾ ಸಾಲ್ ತನ್ನ ಪದವಿಯನ್ನು ತಮ್ಮನಿಗೂ ಕೊಡದೆ ಒಬ್ಬ ಬಡ ಪಾದ್ರಿಗೆ ಬಿಟ್ಟುಕೊಟ್ಟನು. 1684-85ರ ಚಳಿಗಾಲದಲ್ಲಿ ಕ್ಷಾಮ ತಲೆದೋರಿದಾಗ ತನ್ನ ಆಸ್ತಿಯನ್ನು ರೊಟ್ಟಿಯ ರೂಪದಲ್ಲಿ ಬಡವರಿಗೆ ಹಂಚಿದನು. ಅಂದಿನಿಂದ ಉಪಾಧ್ಯಾಯರಿಗೂ ಆತನಿಗೂ ಅಂತರವುಳಿಯಲಿಲ್ಲ. ಶಿಷ್ಯರೇ ಗುರುವಿಗೆ ಪಾಠ ಹೇಳಿದಂತಾಯಿತು.

ಇನ್ನು ತರಬೇತಿನ ವಿಷಯ. 1685ರ ಸುಮಾರಿಗೆ ರೀಮ್ಸಿನಲ್ಲಿ ಹಳ್ಳಿಯ ಉಪಾಧ್ಯಾಯರಿಗಾಗಿ ಒಂದು ಶಿಕ್ಷಣಶಾಲೆಯನ್ನು ಆತನು ತೆರೆದನು. ನಾವು ನಾರ್ಮಲ್ ಸ್ಕೂಲೆಂದು ಕರೆಯುವ ಸಂಸ್ಥೆಯ ಅತಿ ಹಳೆಯ ಮಾದರಿಗಳಲ್ಲಿ ಅದೊಂದು. ಬಹುಕಾಲ ಬಾಳಲಿಲ್ಲ, ನಿಜ. ಆದರೆ ತನ್ನೊಡನೆ ನೆಲೆಯಾಗಿ ನಿಂತವರಿಗೆ, ಎಂದರೆ ಕ್ರೈಸ್ತಶಾಲೆಗಳ ಸಹೋದರರೆಂದು ಹೆಸರಾದವರಿಗೆ, ಕೊಟ್ಟ ಶಿಕ್ಷಣ ಬಾಳಿತು. ಅನುಭವಸ್ಥ ಸಹೋದರರೊಡನೆ ಕಲೆತು, ಪ್ರಯೋಗಿಸಿ ನೋಡಿ, ಆತನು ಬರೆದ ಶಾಲಾನಿರ್ವಹಣೆಯ ಗ್ರಂಥ 1720ರಲ್ಲಿ, ಆತನ ಮರಣಾನಂತರ, ಅಚ್ಚಾಯಿತು. ಮಕ್ಕಳಿಗೆ ಮೊದಲು ಓದಿಸಬೇಕಾದದ್ದು ಲ್ಯಾಟಿನ್ ಅಲ್ಲ, ಫ್ರೆಂಚ್. ಒಬ್ಬೊಬ್ಬನನ್ನೇ ಕರೆದು ಕಲಿಸುವುದಕ್ಕೆ ಬದಲು ತರಗತಿಯನ್ನೆಲ್ಲ ಒಟ್ಟಿಗೆ ನಡೆಸಬೇಕು. ಇವು ಅದರಲ್ಲಿನ ಪ್ರಸಿದ್ಧ ಅಂಶಗಳು.

ಹೊಸ ಉಪಾಧ್ಯಾಯರನ್ನು ತಯಾರುಮಾಡುವವನಿಗೆ ಬರೆದ ನಿಯಮಗಳು ಅಷ್ಟು ಪ್ರಸಿದ್ಧವಲ್ಲ. ನಮ್ಮ ಪ್ರಸ್ತಾಪಕ್ಕೆ ಅವೇ ಮುಖ್ಯ. ಆ ಕೆಲಸಕ್ಕೆ ಎರಡು ಭಾಗ. ಇರಬಾರದುದನ್ನು ಕಳೆಯುವುದು ಮೊದಲು. ಇಲ್ಲದುದನ್ನು ತುಂಬುವುದು ಆಮೇಲೆ. ಕಳೆಯಬೇಕಾದವುಗಳಲ್ಲಿ ಮೊದಲನೆಯದು ಮಾತಿನ ಚಪಲ! ಅನಂತರ ಚಡಪಡಿಕೆ, ಲಘುತನ, ಕಾಠಿಣ್ಯ, ಪಕ್ಷಪಾತ ಇತ್ಯಾದಿ. ಮಾತು ಕಡಮೆಯಾಗಲೆಂದು ಉಪಾಧ್ಯಾಯನ ಕೈಗೆ ಸಂಜ್ಞೆಮಾಡುವ ಒಂದು ಪುಟ್ಟ ಉಪಕರಣವನ್ನೇ ಕೊಟ್ಟರು. ಈ ಪಟ್ಟಿಯನ್ನು ಓದಿದವರಿಗೆ ಇದು ಬೋಧನಾಶಾಸ್ತ್ರವೋ ಪಾಪನಿವೇದನೆಗೆ ಸಿದ್ಧತೆಯೋ ಎಂಬ ಸಂದೇಹ ಹುಟ್ಟದಿರದು. ಆತನಿಗೆ ಎರಡೂ ಒಂದೇ. ತನ್ನ ವೃತ್ತಿಯ ಕೆಲಸ ಬೇರೆ, ತನ್ನ ಆತ್ಮದ ಉದ್ಧಾರ ಬೇರೆ ಎಂದು ಭೇದವೆಣಿಸಬಾರದೆಂಬುದು ಆತನು ತನಗೂ ತನ್ನವರಿಗೂ ಹಾಕಿಕೊಂಡ ಕಟ್ಟಳೆ. ಪ್ರತಿ ಅರ್ಧಗಂಟೆಗೊಮ್ಮೆ ತರಗತಿಯಲ್ಲಿ ಗಂಟೆ ಬಾರಿಸುತ್ತಿತ್ತು. ಉಪಾಧ್ಯಾಯನೂ ಹುಡುಗರೂ ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ, ದೇವರ ಸನ್ನಿಧಿಯಲ್ಲಿದ್ದೇವೆಂದು ಸ್ಮರಿಸಿ, ಮತ್ತೆ ಪಾಠಕ್ಕೆ ತಿರುಗುತ್ತಿದ್ದರು. ವಾರ್ಷಿಕ ಏಕಾಂತವಾಸದ ಕಾಲಕ್ಕೆಂದು ಆತನು ಹದಿನಾರು ಧ್ಯಾನಗಳನ್ನು ಉಪಾಧ್ಯಾಯರಿಗಾಗಿಯೇ ಬರೆದನು. ಹರಕುಬಟ್ಟೆಯ ಹುಡುಗನಲ್ಲಿ ಯೇಸುಸ್ವಾಮಿಯನ್ನು ಗುರುತಿಸುವ ಅಭ್ಯಾಸವನ್ನು ಆತನು ಮತ್ತೆಮತ್ತೆ ಬೋಧಿಸಿದನು. ಕಾಗುಣಿತ ತಪ್ಪುವ ಹುಡುಗನ ಮೇಲೆ ಕೈಯೆತ್ತಿದ ಗಳಿಗೆಯಲ್ಲಿ ಆ ಅಭ್ಯಾಸ ನೆನಪಿಗೆ ಬರುವುದೆಷ್ಟು ಕಷ್ಟವೆಂಬುದನ್ನು ಪಾಠಹೇಳಿದವರೆಲ್ಲರೂ ಬಲ್ಲರು.

1688ರಲ್ಲಿ ಲಾ ಸಾಲ್ ಪ್ಯಾರಿಸಿಗೆ ಹೋದನು. ಅಲ್ಲಿ ಶುಲ್ಕ ತೆಗೆದುಕೊಂಡು ಕಲಿಸುತ್ತಿದ್ದ ಉಪಾಧ್ಯಾಯರು ವ್ಯಾಜ್ಯ ಹೂಡಿದರು. ಆತನು ಕಾಯಿಲೆ ಬಿದ್ದನು. ಸಹೋದರರಲ್ಲಿ ಕೆಲವರು ಸತ್ತರು, ಕೆಲವರು ಬಿಟ್ಟುಹೋದರು. ಎಲ್ಲವೂ ಮುಗಿಯಿತೆನಿಸಿದಾಗ, 1691ರ ನವೆಂಬರ್ 21ರಂದು, ಆತನೂ ಗಾಬ್ರಿಯೆಲ್ ದ್ರೋಲಾನ್, ನಿಕೊಲಾ ವ್ಯೂಯಾರ್ ಎಂಬ ಇಬ್ಬರು ಸಹೋದರರೂ ಗುಪ್ತವಾಗಿ ಒಂದು ವ್ರತ ತೊಟ್ಟರು: ತಾವು ಮೂವರೇ ಉಳಿದರೂ, ಭಿಕ್ಷೆ ಬೇಡಿ ಬರಿಯ ರೊಟ್ಟಿ ತಿಂದು ಬದುಕಬೇಕಾದರೂ, ಶಾಲೆಗಳ ಕೆಲಸವನ್ನು ಬಿಡುವುದಿಲ್ಲವೆಂದು. ಸುಮಾರು ಹತ್ತು ವರ್ಷಗಳ ಹಿಂದೆ ಭಿಕ್ಷೆಯ ಹೆಸರು ಹೇಳಿಯೇ ಅಲ್ಲವೆ ಉಪಾಧ್ಯಾಯರು ಆತನನ್ನು ತಡೆದು ನಿಲ್ಲಿಸಿದ್ದುದು! ವ್ಯೂಯಾರ್ ಮುಂದೆ ಸಂಘವನ್ನು ಬಿಟ್ಟನೆಂಬುದನ್ನೂ ಹೇಳಿಬಿಡಬೇಕು. ದ್ರೋಲಾನ್ 1702ರಲ್ಲಿ ರೋಮಿಗೆ ಹೋಗಿ, 1728ರವರೆಗೆ ಅಲ್ಲಿ ಬಡಮಕ್ಕಳಿಗೆ ಕಲಿಸುತ್ತ ಉಳಿದನು.

ಕೊನೆಗೆ ಲಾ ಸಾಲ್‌ನಿಗೇ ಧೈರ್ಯ ಕುಂದಿತು. ತಾನೇ ಸಂಘಕ್ಕೆ ಅಡ್ಡಿಯಾಗಿದ್ದೇನೆಂಬ ಶಂಕೆಯಿಂದ ಆತನು ದಕ್ಷಿಣ ಫ್ರಾನ್ಸಿಗೆ ಸರಿದು, ಅಲ್ಲಿಯೇ ಮರೆಯಾಗಿರುವುದೆಂದುಕೊಂಡಿದ್ದನು. 1714ರ ಏಪ್ರಿಲ್ 1ರಂದು ಪ್ಯಾರಿಸಿನ ಪ್ರಮುಖ ಸಹೋದರರು ಆತನಿಗೆ ಕಾಗದ ಬರೆದರು. ಬಿನ್ನಹವಲ್ಲ, ಆಜ್ಞೆ. ಸಂಘಕ್ಕೆ ವಿಧೇಯನಾಗಿರುವೆನೆಂದು ತಾವು ತೊಟ್ಟ ವ್ರತದ ಹೆಸರಿನಲ್ಲಿ ಕೂಡಲೇ ಬಂದು ಆಡಳಿತವನ್ನು ವಹಿಸಿಕೊಳ್ಳಬೇಕೆಂದು ತಮ್ಮ ಗುರುವಿಗೇ ಅವರು ವಿಧಿಸಿದರು. ಆಳಿಗಿಂತ ಕೀಳೆಂದು ಒಂದು ಕಾಲದಲ್ಲಿ ಆತನು ಭಾವಿಸಿದ್ದ ವೃತ್ತಿಯವರು ಅವರು. ಆಗಸ್ಟ್ ತಿಂಗಳಲ್ಲಿ ಲಾ ಸಾಲ್ ಪ್ಯಾರಿಸಿಗೆ ಹಿಂದಿರುಗಿದನು. ತನ್ನಿಂದ ಏನಾಗಬೇಕೆಂದು ಅವರನ್ನು ಕೇಳಿದನು.