ಒಕ್ಕೂಟಕ್ಕಾಗಿ ಸೋತ ಸೇನಾನಿ

1792ರಲ್ಲಿ ತೆಗುಸಿಗಲ್ಪಾದಲ್ಲಿ ಹುಟ್ಟಿದ ಫ್ರಾನ್ಸಿಸ್ಕೊ ಮೊರಾಸಾನ್ ಯಾವ ಸೈನಿಕ ಶಾಲೆಯ ಮೆಟ್ಟಿಲನ್ನೂ ಹತ್ತಿದವನಲ್ಲ. ಆದರೂ 1827ರಲ್ಲಿ ಲಾ ತ್ರಿನಿದಾದ್ ಕದನ ಗೆದ್ದ. 1830ರಲ್ಲಿ ಮಧ್ಯ ಅಮೆರಿಕ ಒಕ್ಕೂಟದ ಅಧ್ಯಕ್ಷನಾದ.

ಐದು ರಾಜ್ಯಗಳನ್ನು ಒಂದಾಗಿ ಉಳಿಸಬೇಕೆಂಬುದೇ ಅವನ ಹಟ. ಚರ್ಚಿನ ಹಿಡಿತ ಸಡಿಲಿಸಿದ, ಶಿಕ್ಷಣಕ್ಕೆ ಒತ್ತು ಕೊಟ್ಟ. 1837ರಲ್ಲಿ ಗ್ವಾಟೆಮಾಲಾಕ್ಕೆ ಕಾಲರಾ ಬಂತು. ಸರ್ಕಾರವೇ ನೀರಿಗೆ ವಿಷ ಹಾಕಿಸಿದೆ ಎಂಬ ವದಂತಿ ಹಳ್ಳಿಹಳ್ಳಿಗೂ ಹಬ್ಬಿತು. ರೊಚ್ಚಿಗೆದ್ದ ರೈತರಿಗೆ ರಾಫೆಲ್ ಕರೇರಾ ನಾಯಕನಾದ. ಕೊನೆಗೆ ಒಕ್ಕೂಟ ಒಡೆಯಿತು. ಅದಕ್ಕೆ ಕರೇರಾನೊಬ್ಬನನ್ನೇ ದೂರುವುದು ಅನ್ಯಾಯ. ತಲೆಗಂದಾಯದ ಭಾರ ಹೊತ್ತ ಹಳ್ಳಿಗರ ಸಂಕಟ ಸುಧಾರಕರ ಕಿವಿಗೆ ಬೀಳಲೇ ಇಲ್ಲ.

1842ರ ಸೆಪ್ಟೆಂಬರ್ 15. ಸ್ಪೇನಿನಿಂದ ಬಿಡುಗಡೆ ಘೋಷಿಸಿ ಅಂದಿಗೆ 21 ವರ್ಷ. ಒಕ್ಕೂಟವನ್ನು ಮತ್ತೆ ಕಟ್ಟಲು ಹೊರಟಿದ್ದ ಮೊರಾಸಾನ್‌ನನ್ನು ಕೋಸ್ಟರಿಕಾದ ಸ್ಯಾನ್ ಹೋಸೆಯಲ್ಲಿ ಗುಂಡಿಕ್ಕಿ ಕೊಂದರು. ಸೈನಿಕರ ಗುರಿ ತಿದ್ದಿ, ಗುಂಡು ಹಾರಿಸುವ ಆಜ್ಞೆಯನ್ನೂ ಅವನೇ ಕೊಟ್ಟನೆಂದು ಹೇಳುತ್ತಾರೆ. ಉಯಿಲಿನಲ್ಲಿ ಕೇಳಿಕೊಂಡಿದ್ದಂತೆ, ಕೆಲವು ವರ್ಷಗಳ ನಂತರ ಅವನ ಅವಶೇಷಗಳು ಎಲ್ ಸಾಲ್ವಡಾರ್ ಸೇರಿದವು.